ಹಲ್ಲಲ್ಲಿ ಕಚ್ಚಿದ ಸೆರಗು

ಮಲ್ಲಪ್ಪನವರ ಮನೆಯ ಹೆಂಗಸರು ಬಾಯಿ ಬಿಟ್ಟು ನಗುವವರಲ್ಲ ಎಂದು ಮಣ್ಣೂರಿನಲ್ಲಿ ದೊಡ್ಡ ಹೆಸರಿತ್ತು. ಜೇವರ್ಗಿಗೆ, ನನ್ನ ಅಪ್ಪನ ಹತ್ತಿರ ಆ ಮನೆಯ ಸಂಬಂಧ ತಂದವರು ಮೊದಲು ಹೇಳಿದ್ದು ಹೊಲದ ಮಾತಲ್ಲ, ಎತ್ತಿನ ಮಾತಲ್ಲ, ಇದೇ ಮಾತು. "ಆ ಮನ್ಯಾಗ ಹೆಣ್ಮಕ್ಕಳ ದನಿ ಹೊಸ್ತಿಲ ದಾಟಂಗಿಲ್ರಿ. ನಕ್ಕರೂ ಹಲ್ಲು ಕಾಣಂಗಿಲ್ಲ." ಅಪ್ಪನಿಗೆ ಖುಷಿಯೋ ಖುಷಿ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದವಳು ಬಾಯಿ ತುಂಬ ನಕ್ಕುಬಿಟ್ಟೆ. ಅವ್ವ ನನ್ನ ತೋಳು ಚಿವುಟಿದಳು.

ಆ ಹೆಸರು ಹೇಗೆ ಬಂತು ಎಂದು ತಿಳಿಯಲು ನನ್ನ ದವಡೆ ಹೋಗಬೇಕಾಯಿತು. ನೋವು ಇಳಿದು ಎಷ್ಟೋ ವರ್ಷವಾದವು, ಸಿಟ್ಟು ಇಳಿದಿಲ್ಲ. ಅದನ್ನು ಇಳಿಸಲಿಕ್ಕೆಂದು ಬರೆಯುತ್ತಿಲ್ಲ. ಆಕಳಿಸಿದರೆ ಕಿವಿಯ ಮುಂದೆ ಟಕ್ಕೆಂದು ಸಪ್ಪಳವಾಗುವ, ರೊಟ್ಟಿಯ ತುಂಡು ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರುವ, ಯಾರಿಗೂ ಹೇಳದೆ ಒಂದೇ ಬದಿಗೆ ಅಗಿದು ನುಂಗುವ ಹೆಂಗಸರು ನಮ್ಮ ಕಡೆ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬಳಾದರೂ ಇದನ್ನು ಓದಲಿ, ಓದಲು ಬಾರದಿದ್ದರೆ ಯಾರಿಂದಾದರೂ ಓದಿಸಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ತಂಗೀ, ನಿನಗೆ ದೆವ್ವ ಹಿಡಿದಿಲ್ಲ. ನಿನ್ನ ನಾಲಿಗೆಗೆ ದೇವರು ಶಿಕ್ಷೆಯನ್ನೂ ಕೊಟ್ಟಿಲ್ಲ.

ಮಣ್ಣೂರಿನ ಸೊಸೆಯಾಗಿ ಬಂದ ಮೊದಲ ದಿನವೇ ಅತ್ತೆ ಚಂದಮ್ಮ ನನಗೆ ಕಲಿಸಿದ ವಿದ್ಯೆ ಒಂದೇ. ಸೆರಗಿನ ಅಂಚನ್ನು ತಲೆಯ ಮೇಲಿಂದ ಬಲಗೆನ್ನೆಗೆ ತಂದು, ದವಡೆ ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು. ಮುಂದಿನ ಹಲ್ಲಿನಲ್ಲಿ ಹಿಡಿದರೆ ಹಲ್ಲು ಕಾಣುತ್ತದೆ, ಅದು ಅಸಭ್ಯ. ಹಿಂದಿನ ಹಲ್ಲಿನಲ್ಲಿ ಹಿಡಿದರೆ ತುಟಿ ಮುಚ್ಚಿರುತ್ತದೆ, ಅರ್ಧ ಮುಖ ಮರೆಯಾಗುತ್ತದೆ, ಎರಡೂ ಕೈ ಕೆಲಸಕ್ಕೆ ಖಾಲಿ ಇರುತ್ತವೆ. "ಹಿರೇರು ಕಂಡರ ಸಾಕು, ಕೈ ಖಾಲಿ ಇಲ್ಲಂತ ಹೇಳ್ಬ್ಯಾಡ. ಹಲ್ಲು ಅದಾವಲ್ಲ?" ಎಂದಿದ್ದಳು ಅತ್ತೆ. ಆಕೆ ತಾನೂ ಹಾಗೆಯೇ ಕಚ್ಚಿಕೊಂಡು, ಬಾಯಿಯ ಒಂದು ಮೂಲೆಯಿಂದ ಮಾತಾಡುತ್ತಿದ್ದಳು.

ಹಿರಿಯರು ಎಲ್ಲಿರುತ್ತಿರಲಿಲ್ಲ ಹೇಳಿ. ರೊಟ್ಟಿ ಬಡಿಯಲು ಕೂತರೆ ಮಾವ ಮಲ್ಲಪ್ಪನವರು ಒಳಗೆ ಬಂದು ಗಡಿಗೆಯ ನೀರು ಕುಡಿಯುತ್ತಿದ್ದರು. ಕೈಯೆಲ್ಲ ಹಿಟ್ಟು, ಕಚ್ಚು ಸೆರಗು. ಬೀಸುವಾಗ ಭಾವ ಪಡಸಾಲೆಯಲ್ಲಿ ಮಲಗಿರುತ್ತಿದ್ದ. ಕಚ್ಚು. ಎಲ್ಲಕ್ಕಿಂತ ದೊಡ್ಡ ಶಿಕ್ಷೆ ಭೀಮಾ ಹೊಳೆಯ ನೀರು. ಹೊಳೆಯ ದಂಡೆ ಹತ್ತಿ ಬರುವ ದಾರಿಯ ಬಾಯಲ್ಲಿಯೇ ಬೇವಿನ ಗಿಡ, ಅದರ ಸುತ್ತ ಕಟ್ಟೆ, ಕಟ್ಟೆಯ ಮೇಲೆ ಮಾವ ಮತ್ತು ಅವರ ವಯಸ್ಸಿನವರೆಲ್ಲ. ತಲೆಯ ಮೇಲೊಂದು ಕೊಡ, ಟೊಂಕದ ಮೇಲೊಂದು ಕೊಡ. ಏರು ಹತ್ತುವಾಗ ಮೈಯ ಭಾರವೆಲ್ಲ ಎಲ್ಲಿ ಬೀಳುತ್ತದೆ ಗೊತ್ತೇ? ಮೊಣಕಾಲಿಗಲ್ಲ, ಕಚ್ಚಿದ ಹಲ್ಲಿಗೆ. ಭಾರ ಎತ್ತಿದವಳು ಹಲ್ಲು ಬಿಗಿಯುತ್ತಾಳೆ, ನಡುವೆ ಬಟ್ಟೆ ಸಿಕ್ಕರಂತೂ ಇನ್ನೂ ಬಿಗಿಯುತ್ತಾಳೆ.

ಮೊದಲ ಕೆಲವು ವರ್ಷ ಹೇಗೋ ನಡೆಯಿತು. ಆಮೇಲೆ ಯುದ್ಧ ಬಂತು. ಯಾವ ದೇಶದವರು ಯಾವ ದೇಶದ ಮೇಲೆ ಬಿದ್ದರೋ, ನಮ್ಮೂರಿಗೆ ಬಂದದ್ದು ಬಟ್ಟೆಯ ಕಂಟ್ರೋಲು. ಮೊದಲಿನ ಉದ್ದನೆಯ ಕಚ್ಚೆ ಸೀರೆ ಅಂಗಡಿಯಲ್ಲಿ ಕಾಣದಾಯಿತು. ಸಿಕ್ಕ ಸೀರೆ ಗಿಡ್ಡ, ಗೋಣಿಚೀಲದ ಹಾಗೆ ಒರಟು. ಕಚ್ಚೆ ಹಾಕಿ ಮೈ ಸುತ್ತಿದರೆ ಸೆರಗಿಗೆ ಉಳಿಯುವುದು ಒಂದು ಗೇಣು. ತಲೆಯ ಮೇಲೆ ತಾನಾಗಿ ನಿಲ್ಲುತ್ತಿದ್ದ ಸೆರಗು ಈಗ ಕ್ಷಣಕ್ಷಣಕ್ಕೂ ಜಾರತೊಡಗಿತು. ಮೊದಲು ಹಿರಿಯರ ಮುಂದೆ ಮಾತ್ರ ಕಚ್ಚುತ್ತಿದ್ದವಳು ಈಗ ಬೆಳಗಿನಿಂದ ಸಂಜೆಯ ತನಕ ಕಚ್ಚಿಯೇ ಇದ್ದೆ. ಬಟ್ಟೆ ಕಡಿಮೆಯಾದರೆ ಮರ್ಯಾದೆಯನ್ನೂ ಸ್ವಲ್ಪ ಕಡಿಮೆ ಮಾಡಬೇಕೆಂದು ಕಟ್ಟೆಯ ಮೇಲೆ ಯಾರಿಗೂ ಹೊಳೆಯಲಿಲ್ಲ. ಅವರ ರುಮಾಲುಗಳು ಮಾತ್ರ ಮೊದಲಿನಷ್ಟೇ ಉದ್ದ ಇದ್ದವು.

ಮೊದಲು ಬಂದದ್ದು ಸಪ್ಪಳ. ಊಟ ಮಾಡುವಾಗ ಕಿವಿಯ ಹತ್ತಿರ ಟಕ್, ಟಕ್. ಎದುರಿಗೆ ಕೂತಿದ್ದ ನನ್ನ ಗಂಡನಿಗೂ ಕೇಳಿಸಿತು. "ಏನದು, ಕಡ್ಲಿ ತಿನ್ನಾಕತ್ತೀಯೇನು?" ಎಂದರು. ಇಬ್ಬರೂ ನಕ್ಕೆವು. ಆಮೇಲೆ ನೋವು ಬಂತು. ಬಲಗಿವಿಯ ಮುಂದಿನಿಂದ ಎದ್ದು ಕಪಾಲಕ್ಕೆ ಹೋಗಿ, ಕುತ್ತಿಗೆಗೆ ಇಳಿದು, ಬಲಗಡೆಯ ಹಲ್ಲುಗಳೆಲ್ಲ ಒಟ್ಟಿಗೆ ನೋಯುವಂತೆ ಮಾಡುವ ನೋವು. ಯಾವ ಹಲ್ಲು ಎಂದು ಕೇಳಿದರೆ ಬೆರಳಿಟ್ಟು ತೋರಿಸಲು ಬರುತ್ತಿರಲಿಲ್ಲ. ತೋರಿಸಲು ಬರದ ನೋವನ್ನು ನಮ್ಮಲ್ಲಿ ಯಾರು ನಂಬುತ್ತಾರೆ?

ಹಲ್ಲಿನ ಹುಳ ತೆಗೆಯುವವಳನ್ನು ಕರೆಸಿದರು. ಆಕೆ ಕೆಂಡದ ಮೇಲೆ ಏನೋ ಬೀಜ ಉದುರಿಸಿ, ಹೊಗೆಯನ್ನು ಕೊಳವೆಯಿಂದ ನನ್ನ ಬಾಯಿಗೆ ಹಿಡಿದಳು. ನಾನು ಕೆಮ್ಮಿ ಕೆಮ್ಮಿ ಸಾಯುವಂತಾದೆ. ಕೆಳಗಿಟ್ಟ ನೀರಿನ ಬಟ್ಟಲಲ್ಲಿ ಬಿಳಿಯ ಎಳೆಗಳು ತೇಲಿದವು. "ನೋಡ್ರಿ ಹುಳ" ಎಂದಳು. ಮನೆಯವರೆಲ್ಲ ಬಗ್ಗಿ ನೋಡಿದರು. ನಾನೂ ನೋಡಿದೆ, ಬೀಜ ಒಡೆದು ಹೊರಬಿದ್ದ ಮೊಳಕೆಗಳು. ಹೇಳಿದೆ ಕೂಡ. "ನಿನಗ ಭಾಳ ಗೊತ್ತದ, ಸುಮ್ಕಿರು" ಎಂದರು.

ಹುಳ ಹೋದರೂ ನೋವು ಹೋಗಲಿಲ್ಲವಾದ್ದರಿಂದ ಹಲ್ಲನ್ನೇ ಕೀಳಿಸುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಮಾವ, ಕಟ್ಟೆಯ ಮೇಲೆ ಕೂತು. ನನ್ನ ಬಾಯಿಯನ್ನು ಒಮ್ಮೆಯೂ ನೋಡದೆ. ಗಂಡ ನನ್ನನ್ನು ಅಫಜಲಪುರದ ಸಂತೆಗೆ ಕರೆದೊಯ್ದರು. ಅಲ್ಲಿ ಗೋಣಿತಟ್ಟಿನ ಮೇಲೆ ಕಿತ್ತ ಹಲ್ಲುಗಳ ರಾಶಿ ಇಟ್ಟುಕೊಂಡು ಒಬ್ಬ ಕೂತಿದ್ದ. ಅಷ್ಟು ಜನ ಗಂಡಸರ ನಡುವೆ ನನ್ನ ಸೆರಗು ಸರಿಸಿ, ಬಾಯಿಯನ್ನು ಹರಿಯುವ ಹಾಗೆ ಅಗಲಿಸಿ, ಇಕ್ಕಳ ಹಾಕಿದ. ಆಗ ಮರ್ಯಾದೆ ಎಲ್ಲಿ ಹೋಗಿತ್ತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ಕಿತ್ತ. "ಇದಲ್ಲ ಅನಸ್ತದ" ಎಂದು ಪಕ್ಕದ್ದನ್ನೂ ಕಿತ್ತ. ರಕ್ತ ಉಗುಳಿ, ಎರಡು ಹಲ್ಲನ್ನೂ ಸೆರಗಿನಂಚಿಗೆ ಗಂಟು ಕಟ್ಟಿಕೊಂಡೆ. ಗಾಡಿಯಲ್ಲಿ ಬರುತ್ತ ಗಂಟು ಬಿಚ್ಚಿ ನೋಡಿದರೆ ಎರಡೂ ಬೆಳ್ಳಗೆ, ಗಟ್ಟಿಯಾಗಿ, ಹೊಸ ಜೋಳದಂತೆ ಇದ್ದವು. ಒಂದು ಕಪ್ಪು ಚುಕ್ಕೆಯೂ ಇಲ್ಲ. ಗಂಡನಿಗೆ ತೋರಿಸಿದೆ. ಅವರು ನೋಡಿ, ಎತ್ತಿನ ಬಾಲ ತಿರುವಿದರು. ಕೆಟ್ಟ ಮನುಷ್ಯ ಅಲ್ಲ ಅವರು. ಆದರೆ ಕೆಟ್ಟವರಲ್ಲದವರ ಮೌನದಿಂದ ನನಗೆ ಆದಷ್ಟು ಕೇಡು ಕೆಟ್ಟವರಿಂದ ಆಗಿಲ್ಲ.

ಮರುದಿನ ಬೆಳಿಗ್ಗೆ ಮುಖ ತೊಳೆಯಲು ಹೋದರೆ ಬಾಯಿ ತೆರೆಯಲಿಲ್ಲ. ಒಂದು ಬೆರಳು ಅಡ್ಡ ಹೋಗುವಷ್ಟು ಸಂದು ಬಿಟ್ಟರೆ ಮುಂದಕ್ಕಿಲ್ಲ. ಒಳಗೆ ಏನೋ ಕದಕ್ಕೆ ಅಗುಳಿ ಹಾಕಿದಂತೆ. ಟಕ್ ಎನ್ನುವ ಸಪ್ಪಳವೂ ನಿಂತುಹೋಗಿತ್ತು. ಒತ್ತಿ ತೆರೆಯಲು ಹೋಗಿ ನೋವಿಗೆ ಅಲ್ಲೇ ಬಚ್ಚಲಲ್ಲಿ ಕುಸಿದೆ.

ಸುದ್ದಿ ಕಟ್ಟೆಗೆ ಮುಟ್ಟಿತು. ಮಾವ ಏನಂದರೆಂದು ನನಗೆ ಗಂಡನಿಂದಲೇ ತಿಳಿಯಿತು. "ಜೇವರ್ಗಿ ಹುಡುಗಿ ಭಾಳ ಮಾತಾಡ್ತಿತ್ತು, ದೇವರೇ ಕೀಲಿ ಹಾಕ್ಯಾನ." ಎಲ್ಲರೂ ನಕ್ಕರಂತೆ. ಬಾಯಿ ಪೂರ್ತಿ ತೆರೆದು ನಕ್ಕಿರಬೇಕು, ಅವರ ದವಡೆಗಳು ಚೆನ್ನಾಗಿದ್ದವಲ್ಲ.

ರೊಟ್ಟಿ ಹೋಯಿತು, ಪಲ್ಯ ಹೋಯಿತು. ಜೋಳದ ಅಂಬಲಿಯೊಂದೇ ಆಧಾರ. ಅದನ್ನೂ ಬಟ್ಟಲಿನಿಂದ ಹೀರಿದರೆ ಗಲ್ಲದ ಮೇಲೆ ಸುರಿಯುತ್ತಿತ್ತು. ಪಕ್ಕದ ಮನೆಯ ಹುಸೇನಬಿ, ತನ್ನ ಮೊಮ್ಮಗನಿಗೆ ಹಾಲು ಕುಡಿಸುವ ಮೂತಿಯ ಗಿಂಡಿಯನ್ನು ತೊಳೆದು ತಂದಳು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಸಾವಕಾಶ ಕುಡಿ ಬೇಟಾ, ಯಾ ಅಲ್ಲಾ, ಎಷ್ಟ ಬಾಡಿ ಹೋಗೀದಿ" ಎನ್ನುತ್ತ ಕುಡಿಸುತ್ತಿದ್ದಳು. ಅಷ್ಟು ದಿನದಲ್ಲಿ ನನ್ನ ಕೆನ್ನೆಯನ್ನು ನೋವಾಗದಂತೆ ಮುಟ್ಟಿದ್ದು ಆಕೆಯ ಕೈ ಒಂದೇ. ಅತ್ತೆಗೆ ಹೇಳಿದವಳೂ ಆಕೆಯೇ. "ಚಂದಮ್ಮ, ಗುಲಬರ್ಗಾದ ದವಾಖಾನ್ಯಾಗ ಹೆಣ್ಣ ಡಾಕ್ಟರ್ ಬಂದಾಳಂತ. ನನ್ನ ತಂಗಿ ಹೆರಿಗೀಗೆ ಹೋಗಿದ್ಲು. ಕರ್ಕೊಂಡ ಹೋಗವ್ವ."

ಮಾವ ಒಪ್ಪಲಿಲ್ಲ. ಇದು ದೆವ್ವದ ಕೆಲಸ, ದೆವ್ವ ಬಿಡಿಸುವ ಗಾಣಗಾಪುರದ ಗುಡಿಗೆ ಕರೆದೊಯ್ದು ಕೆಲವು ದಿನ ಬಿಟ್ಟು ಬನ್ನಿ ಎಂದರು. ದೇವರ ಮೇಲೆ ನನಗೆ ಸಿಟ್ಟಿಲ್ಲ, ಹರಕೆ ನಾನೂ ಹೊರುತ್ತೇನೆ. ಆದರೆ ನನ್ನ ಬಾಯೊಳಗೆ ದೆವ್ವವಿಲ್ಲವೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿಯೇ ತೆರೆಯುತ್ತಿರಲಿಲ್ಲ. ಹಲ್ಲಿನ ಸಂದಿಯಿಂದ ಹೇಳಿದ ಮಾತು ಅವರಿಗೆ ದೆವ್ವದ ಮಾತಿನಂತೆಯೇ ಕೇಳುತ್ತಿತ್ತು.

ಮೂರು ವರ್ಷದ ಮಗಳು ಶರಣಮ್ಮನನ್ನು ಹುಸೇನಬಿಯ ಹತ್ತಿರ ಬಿಟ್ಟು, ಗಂಡ, ಅತ್ತೆ ಮತ್ತು ನಾನು ಅಫಜಲಪುರಕ್ಕೆ ಗಾಡಿಯಲ್ಲಿ ಹೋಗಿ ಮೋಟಾರು ಹತ್ತಿದೆವು. ಆಗ ಪೆಟ್ರೋಲು ಇರಲಿಲ್ಲ. ಬೆನ್ನಿಗೆ ಒಲೆ ಕಟ್ಟಿಕೊಂಡ ಇದ್ದಿಲಿನ ಮೋಟಾರು ಅದು. ಏರು ಬಂದರೆ ನಿಲ್ಲುವುದು, ನಿಂತರೆ ಇದ್ದಿಲು ಕೆದಕುವುದು. ಒಂದೊಂದು ಕುಲುಕಿಗೂ ಹಲ್ಲಿಗೆ ಹಲ್ಲು ಬಡಿದು ನನ್ನ ತಲೆ ಸಿಡಿಯುತ್ತಿತ್ತು. ಆದರೂ ಸೆರಗು ಕಚ್ಚಿಯೇ ಇದ್ದೆ, ಮೋಟಾರಿನ ತುಂಬ ಗಂಡಸರು.

ಚೌಡಾಪುರದಲ್ಲಿ ಮೋಟಾರು ನಿಂತಿತು. ಗಾಣಗಾಪುರಕ್ಕೆ ಹೋಗುವವರು ಅಲ್ಲಿ ಇಳಿಯಬೇಕು. ಗಂಡ ಗಂಟು ಎತ್ತಿಕೊಂಡು ಎದ್ದರು. ಅತ್ತೆ ಏಳಲಿಲ್ಲ.

"ಇಳಿಯವ್ವ, ಬಂತು."

"ಇಳ್ಯಂಗಿಲ್ಲ. ಗುಲಬರ್ಗಾಕ ನಡಿ."

"ಅಪ್ಪ ಗಾಣಗಾಪುರ ಅಂದಾನಲ್ಲ? ಕೇಳಿದ್ರ ಏನ್ ಹೇಳ್ಲಿ?"

"ನಿಮ್ಮಪ್ಪಗ ನಾ ಹೇಳ್ತೇನಿ. ಕುಂಡ್ರು."

ತನ್ನ ಗಂಡನ ಎದುರು ಒಂದು ಮಾತನ್ನೂ ಎತ್ತದ ಹೆಂಗಸು ಆಕೆ. ನನಗೆ ಆಶ್ಚರ್ಯವಾಯಿತು, ಕಾರಣ ತಿಳಿಯಲಿಲ್ಲ. ಆಕೆ ಕಿಟಕಿಯ ಹೊರಗೆ ನೋಡುತ್ತ, ಸೆರಗನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡು ಕೂತಳು.

ಗುಲಬರ್ಗಾದ ದವಾಖಾನೆಯಲ್ಲಿ ಹೆಂಗಸರ ಕಡೆ ಒಂದು ಪರದೆ, ಒಂದು ಉದ್ದ ಬೆಂಚು. ನೆಲದ ಮೇಲೂ ಜನ. ಬಸುರಿಯರು, ಕೂಸುಗಳು, ಉಪ್ಪಿನಕಾಯಿಯ ವಾಸನೆಯ ಬುತ್ತಿಗಂಟುಗಳು. ಕಂಪೌಂಡರ್ ಒಬ್ಬೊಬ್ಬರಿಗೂ ಏನು ಕಾಯಿಲೆ ಎಂದು ಕೇಳುತ್ತ ಬಂದ. ಅತ್ತೆ, "ಬಾಯಿ ತೆರ್ಯಾಂಗಿಲ್ರಿ" ಎಂದಳು. ಆತ ಒಂದು ಹೆಜ್ಜೆ ಹಿಂದೆ ಸರಿದ. "ಧನುರ್ವಾಯು! ಗಾಯ ಏನರ ಆಗಿತ್ತಾ? ದೂರ ಕೂಡ್ರಸ್ರಿ ಆಕೀನ್ನ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ.

ಧನುರ್ವಾಯು ಆದವರು ಹೇಗೆ ಸಾಯುತ್ತಾರೆಂದು ನಮಗೆಲ್ಲ ಗೊತ್ತಿತ್ತು. ಮೈ ಬಿಲ್ಲಿನಂತೆ ಬಾಗಿ, ಎಚ್ಚರವಿದ್ದೂ. ಬೆಂಚಿನವರು ಎದ್ದು ಹೋದರು. ತಾಯಂದಿರು ಕೂಸುಗಳನ್ನು ಎಳೆದುಕೊಂಡರು. ಗಾಯ ಆಗಿತ್ತಲ್ಲ, ಸಂತೆಯ ಇಕ್ಕಳದಿಂದ. ಹಾಗಾದರೆ ನಾನು ಸಾಯುತ್ತೇನೆ, ಶರಣಮ್ಮನಿಗೆ ಇನ್ನು ತಲೆ ಬಾಚುವವರು ಯಾರು ಎಂದು ಯೋಚಿಸಿದೆ.  ಬೆಂಚಿನ ತುದಿಯಲ್ಲಿ ಕೂತಿದ್ದ ಒಬ್ಬ ಮುದುಕಿ ಮಾತ್ರ ಏಳಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ್ದರು ಆಕೆಗೆ. ನನ್ನ ಕಡೆ ಸರಿದು, ತಡವರಿಸಿ ನನ್ನ ಕೈ ಹಿಡಿದು, "ಅಂಜಬ್ಯಾಡವ್ವ. ಅವ ನಿನ್ನೆ ನನಗೂ ಕುರುಡಿ ಅಂದ" ಎಂದಳು. ನನ್ನ ಸರದಿ ಬರುವ ತನಕ ಆ ಕೈ ಬಿಡಲಿಲ್ಲ. ಆಕೆಯ ಹೆಸರು ಕೇಳಲೂ ನನಗೆ ಆಗಲಿಲ್ಲ.

ಡಾಕ್ಟರಬಾಯಿ ಸೊಲ್ಲಾಪುರದ ಕಡೆಯವರು. ತೆಳ್ಳಗೆ, ಕಪ್ಪಗೆ, ಮಾತು ಚುರುಕು. ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಕುತ್ತಿಗೆ ಬಗ್ಗಿಸಿ ನೋಡಿದರು, ಹೊಟ್ಟೆ ಒತ್ತಿದರು, ಕೈಕಾಲು ಮಡಚಿಸಿದರು. "ಧನುರ್ವಾಯು ಅಲ್ಲಿದು, ಯಾವ ಶಾಣ್ಯಾ ಅಂದವ?" ಎಂದರು. ನಾನು ಅಳತೊಡಗಿದೆ. ಅಷ್ಟರಲ್ಲಿ ಆ ಶಾಣ್ಯಾ ಕಂಪೌಂಡರನೇ ಏನೋ ತೆಗೆದುಕೊಳ್ಳಲು ಒಳಗೆ ಬಂದ. ನನ್ನ ಕೈ ತಾನಾಗಿ ಸೆರಗೆಳೆಯಿತು, ಹಲ್ಲು ತಾನಾಗಿ ಕಚ್ಚಿತು. ನೋವಿಗೆ ಕಣ್ಣು ಕತ್ತಲೆ ಬಂತು.

ಡಾಕ್ಟರಬಾಯಿ ಅದನ್ನೇ ನೋಡುತ್ತಿದ್ದರು. ಕಂಪೌಂಡರ್ ಹೊರಗೆ ಹೋಗುವ ತನಕ ಕಾದು, ತಮ್ಮ ಬೆರಳುಗಳನ್ನು ನನ್ನ ಕಿವಿಯ ಮುಂದೆ ಇಟ್ಟರು.

"ಈಗ ಬಿಡು ಸೆರಗ. ಹಾಂ. ಈಗ ಮತ್ತ ಹಿಡಿ. ಗೊತ್ತಾತೇನು?"

ಗೊತ್ತಾಯಿತು. ಅವರ ಬೆರಳಿನ ಕೆಳಗೆ ನನ್ನ ಕೆನ್ನೆಯ ಮಾಂಸ ಕಲ್ಲಿನಂತೆ ಎದ್ದು ನಿಂತಿತು.

"ದಿನಾ ಎಷ್ಟೊತ್ತು ಹಿಡೀತಿ ಹಿಂಗ?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ನೆಲ ನೋಡಿದಳು. "ಎದ್ದಾಗಿಂದ ಮಲಗೂತನಕ್ರಿ" ಎಂದು ಹಲ್ಲಿನ ಸಂದಿಯಿಂದ ಹೇಳಿದೆ.

"ದವಡಿ ಕೀಲು ಇರೂದು ಅನ್ನ ಅಗ್ಯಾಕ, ಮಾತಾಡಾಕ. ಉಣ್ಣುವಾಗ ಬಿಟ್ರ ಹಲ್ಲಿಗೆ ಹಲ್ಲು ತಾಗಾಂಗೇ ಇಲ್ಲ. ನೀವು ಬಾಗಲಾ ಹಾಕಿ ಹಗಲೆಲ್ಲ ಅದಕ್ಕ ಜೋತಾಡಿದ್ರ ಕೀಲು ಉಳೀತದೇನು?" ಎಂದರು. ನನ್ನ ಮೇಲಲ್ಲ, ಯಾರ ಮೇಲೋ ಸಿಟ್ಟಿತ್ತು ಅವರಿಗೆ. ಆ ಸಿಟ್ಟು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಅಲ್ಲಿಯ ತನಕ ನನ್ನ ಪರವಾಗಿ ಯಾರೂ ಸಿಟ್ಟಾಗಿರಲಿಲ್ಲ.

ಬಲಗಡೆಯ ಖಾಲಿ ಜಾಗ ಕಂಡು, ಹಲ್ಲು ಯಾರು ಕಿತ್ತರೆಂದು ಕೇಳಿದರು. ನಾನು ಸೆರಗಿನ ಗಂಟು ಬಿಚ್ಚಿ ಎರಡೂ ಹಲ್ಲನ್ನು ಅವರ ಅಂಗೈಯಲ್ಲಿಟ್ಟೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ನೀ ಮುದುಕಿ ಆಗೂತನಕ ಬರ್ತಿದ್ವು ಇವು" ಎಂದು ತಿರುಗಿ ಕೊಟ್ಟರು.

ಆಮೇಲೆ ಬಿಸಿನೀರಿನ ಬಟ್ಟೆಯನ್ನು ಕೆನ್ನೆಗೆ ಬಹಳ ಹೊತ್ತು ಇಡಿಸಿದರು. ತಮ್ಮ ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಹೇಗೋ ಒಳಗೆ ತೂರಿಸಿ, ಹಿಂದಿನ ಹಲ್ಲುಗಳ ಮೇಲಿಟ್ಟು ಕೆಳಕ್ಕೆ ಒತ್ತಿದರು, ಮೆಲ್ಲಗೆ ಮುಂದಕ್ಕೆ ಎಳೆದರು. ಹೆರಿಗೆಯಲ್ಲಿ ಕೂಗದವಳು ನಾನು ಅಲ್ಲಿ ಕೂಗಿದೆ. ಮೊದಲ ಸಲ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಆಮೇಲೊಮ್ಮೆ ಒಳಗೆ ಏನೋ ಜಾರಿತು, ಟಕ್. ಅಷ್ಟು ದಿನ ಕಳೆದುಹೋಗಿದ್ದ ಸಪ್ಪಳ. ನನ್ನ ಬಾಯಿ ತೆರೆಯಿತು. ಪೂರ್ತಿಯಲ್ಲ, ಎರಡು ಬೆರಳಿನಷ್ಟು. ಬಾಯೊಳಗೆ ತಣ್ಣನೆಯ ಗಾಳಿ ಹೋದದ್ದು ನನಗೆ ಗೊತ್ತಾಯಿತು.

"ಮೂರು ಬೆರಳು ನೆಟ್ಟಗ ಹೋಗಬೇಕು. ಅಲ್ಲಿತನಕ ಮೆತ್ತನ್ನ ಊಟ, ಉಪ್ಪಿನ ಗಂಟಿನ ಶಾಖ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಸೆರಗ ಮತ್ತ ಹಲ್ಲಾಗ ಹಿಡಿದಿ ಅಂದ್ರ ಮತ್ತ ಕೀಲಿ ಬೀಳ್ತದ. ಆಮ್ಯಾಲ ನನ್ನ ಕಡೆ ಬಂದ್ರೂ ತೆಗ್ಯಾಕ ಬರಂಗಿಲ್ಲ."

ಅತ್ತೆ ಆಗ ಮೊದಲ ಸಲ ಬಾಯಿ ಹಾಕಿದಳು. "ಮತ್ತ ಹಿರೇರ ಮುಂದ ಹೆಂಗ್ರಿ?"

"ಹಿರೇರಿಗೆ ಹೇಳ್ರಿ, ಕಣ್ಣು ಬ್ಯಾರೆ ಕಡೆ ತಿರುಗಿಸ್ರಿ ಅಂತ" ಎಂದರು ಡಾಕ್ಟರಬಾಯಿ.

ತಿರುಗಿ ಬರುವಾಗಲೂ ಮೋಟಾರು ಚೌಡಾಪುರದಲ್ಲಿ ನಿಂತಿತು. ಗಂಡ ನೀರು ತರಲು ಇಳಿದರು. ಗಿಡದ ನೆರಳಲ್ಲಿ ಅತ್ತೆ ಬುತ್ತಿ ಬಿಚ್ಚಿದಳು. ರೊಟ್ಟಿಯನ್ನು ಪುಡಿ ಮಾಡಿ, ಮಜ್ಜಿಗೆಯಲ್ಲಿ ನೆನೆಸಿ ನನಗೆ ಕೊಟ್ಟಳು. ತನಗೂ ಹಾಗೆಯೇ ನೆನೆಸಿಕೊಂಡು, ಎಡಗಡೆಗೆ ತಳ್ಳಿ ತಳ್ಳಿ ನುಂಗಿದಳು. ನಾನು ಆ ಮನೆಗೆ ಬಂದಾಗಿನಿಂದ ಆಕೆ ಹಾಗೆಯೇ ಉಣ್ಣುತ್ತಿದ್ದಳು. ಹಲ್ಲು ಗಟ್ಟಿಯಿದ್ದರೂ ಎಳೆಜೋಳ ಸುಟ್ಟ ಸೀತನಿ ತಿನ್ನುತ್ತಿರಲಿಲ್ಲ, ಕಬ್ಬು ಮುಟ್ಟುತ್ತಿರಲಿಲ್ಲ. ವಯಸ್ಸಾಯಿತೆಂದು ನಾವೆಲ್ಲ ಅಂದುಕೊಂಡಿದ್ದೆವು. ಆವತ್ತು ನೋಡಿದೆ.

"ಅತ್ತೇರ, ಬಾಯಿ ತೆಗೀರಿ."

"ಏನಾಗ್ಯಾದ ನನಗ, ಸುಮ್ನ ಉಣ್ಣು."

"ತೆಗೀರಿ ಅಂದ್ರ ತೆಗೀರಿ."

ತೆಗೆದಳು. ನನ್ನ ಬೆರಳನ್ನು ನಾನೇ ಅಡ್ಡ ಹಿಡಿದು ನೋಡಿದೆ. ಒಂದು ಹೋಯಿತು. ಎರಡನೆಯದು ಹೋಗಲಿಲ್ಲ. ಕೆಳದವಡೆ ಒಂದು ಕಡೆಗೆ ವಾಲಿತ್ತು.

"ಯಾವಾಗಿಂದ್ರಿ ಇದು?"

"ಯಾರಿಗೆ ನೆನಪದ. ನಿನ್ನ ಗಂಡ ಹುಟ್ಟೂಕಿಂತ ಮದಲ ಇರಬೇಕು."

"ಡಾಕ್ಟರಬಾಯಿ ಮುಂದ ಯಾಕ ಅನ್ಲಿಲ್ರಿ? ಅಲ್ಲೇ ಇದ್ರಲ್ಲ!"

"ಬ್ಯಾನಿ ನಿಂದು ಇತ್ತಲ್ಲ ಬೇ. ನನ್ನ ಅತ್ತೀದೂ ಹಂಗೇ ಇತ್ತು. ಬಸರು, ಬಾಣಂತನ ಇದ್ದಂಗ ಇದೂ ಸೊಸೆಗೋಳಿಗೆ ಆಗೂದೇ ಅಂತ ತಿಳಿದಿದ್ದೆ."

ಆ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಆಕೆಯ ಮೇಲೆ ಮೊದಲು. ಗೊತ್ತಿದ್ದೂ ನನಗೆ ಅದನ್ನೇ ಕಲಿಸಿದಳಲ್ಲ, ಮದುವೆಯ ಮೊದಲ ದಿನವೇ! ಆಮೇಲೆ ತಿಳಿಯಿತು, ಆಕೆಗೆ ಗೊತ್ತೇ ಇರಲಿಲ್ಲ. ನೋವಿತ್ತು, ಅದಕ್ಕೊಂದು ಕಾರಣ ಇರಬಹುದೆಂದು ಮಾತ್ರ ಗೊತ್ತಿರಲಿಲ್ಲ. ಮಲ್ಲಪ್ಪನವರ ಮನೆಯ ಹೆಂಗಸರು ಬಾಯಿ ಬಿಟ್ಟು ನಗುವವರಲ್ಲ! ಅಯ್ಯೋ, ಅವರ ಬಾಯಿ ತೆರೆಯುತ್ತಲೇ ಇರಲಿಲ್ಲ. ಒಂದೊಂದು ಸೊಸೆಯ ಕೀಲು ಮುರಿದು ಆ ಮನೆ ಹೆಸರು ಗಳಿಸಿತ್ತು. ಆ ಹೆಸರಿಗೆ ಮರುಳಾಗಿ ನನ್ನಪ್ಪ ಹೆಣ್ಣು ಕೊಟ್ಟಿದ್ದ. ಚೌಡಾಪುರದ ಆ ಗಿಡದ ಕೆಳಗೆ ಕೂತು ನಾನು ಅಳತೊಡಗಿದೆ. ಅತ್ತೆ ಸೆರಗಿನಿಂದ ನನ್ನ ಕಣ್ಣೊರೆಸಿ, ತಿರುಗಿ ಅದೇ ಸೆರಗನ್ನು ಹಲ್ಲಲ್ಲಿ ಕಚ್ಚಲು ಹೋದವಳು, ನನ್ನ ಮುಖ ನೋಡಿ, ಬಿಟ್ಟಳು.

ಮನೆಗೆ ಬಂದಾಗ ಶರಣಮ್ಮ ಅಂಗಳದಲ್ಲಿದ್ದಳು. ನನ್ನ ಕಡೆ ಓಡಿ ಬಂದವಳು, ಅಜ್ಜ ಹೊರಗೆ ಬಂದದ್ದು ಕಂಡು ನಿಂತಳು. ನಿಂತು, ತನ್ನ ಪರಕಾರದ ಅಂಚನ್ನು ಎತ್ತಿ ಬಲಗಡೆಯ ಹಲ್ಲಿನಲ್ಲಿ ಕಚ್ಚಿಕೊಂಡಳು. ಮೂರು ವರ್ಷದ ಕೂಸು! ಮಾವ ಮೆಚ್ಚಿ, "ನಮ್ಮ ಮನಿ ಹೆಣ್ಣು" ಎಂದರು. ನಾನು ಹೋಗಿ ಅದನ್ನು ಅವಳ ಬಾಯಿಂದ ಕಿತ್ತು ತೆಗೆದೆ. ಅವಳು ಅತ್ತಳು. ಅಳಲಿ, ಅಳಲು ಬಾಯಿ ತೆರೆಯಬೇಕಲ್ಲ.

ಯುದ್ಧದ ಕಾಲದಲ್ಲಿ ಪಿನ್ನೂ ಸಿಗುತ್ತಿರಲಿಲ್ಲ. ಅತ್ತೆ ಜಾಲಿಯ ಮುಳ್ಳು ತಂದು ನನ್ನ ಸೆರಗನ್ನು ತುರುಬಿಗೆ ಚುಚ್ಚಿ ನಿಲ್ಲಿಸಿದಳು. ಮರುದಿನ ಹೊಳೆಗೆ ಹೋದೆವು. ಏರು ಹತ್ತಿ ಕಟ್ಟೆಯ ಮುಂದೆ ಬರುವಷ್ಟರಲ್ಲಿ ಮುಳ್ಳು ಮುರಿಯಿತು. ಸೆರಗು ಕೊಡದ ಕೆಳಗಿಂದ ಜಾರಿ ಹೆಗಲಿಗೆ ಬಿತ್ತು. ಎರಡೂ ಕೈಯಲ್ಲಿ ಕೊಡ. ಕಟ್ಟೆಯ ಮೇಲಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು.

"ಗುರುಬಾಯಿ, ಸೆರಗ!" ಎಂದರು ಮಾವ.

ಕಚ್ಚಬಾರದೆಂದು ನಿಶ್ಚಯ ಮಾಡಿದ್ದವಳು ನಾನು. ಆದರೂ ನನ್ನ ಬಾಯಿ ತಾನಾಗಿ ಹೆಗಲಿನ ಕಡೆ ತಿರುಗಿ ಬಟ್ಟೆ ಹುಡುಕಿತು. ಅಷ್ಟು ಆಳಕ್ಕೆ ಇಳಿದಿತ್ತು ಆ ಚಾಳಿ. ಹಿಂದಿನಿಂದ ಅತ್ತೆಯ ದನಿ ಬಂತು.

"ಹಿಡೀಬ್ಯಾಡ. ನಡಿ."

"ಏನಂದಿ?" ಎಂದರು ಮಾವ.

ಅತ್ತೆ ಕೊಡ ಇಳಿಸಲಿಲ್ಲ. ತೆರೆಯದ ಬಾಯಿಯಿಂದಲೇ, ಆದರೆ ಕಟ್ಟೆಗೆಲ್ಲ ಕೇಳುವಂತೆ ಹೇಳಿದಳು. "ನಿಮ್ಮ ರುಮಾಲದ ಚುಂಗು ಹಲ್ಲಾಗ ಕಚ್ಚಿಕೊಂಡು ಒಂದ ಕೊಡ ನೀರು ತರ್ರಿ. ಒಂದೇ ಕೊಡ. ಆಮ್ಯಾಲ ನನ್ನ ಸೊಸಿಗೆ ಸೆರಗ ಅನ್ರಿ."

ಮಾವ ಒಪ್ಪಿದರು, ಕಣ್ಣೀರು ಹಾಕಿದರು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಕೆಲವು ದಿನ ನಮ್ಮ ಕೈಯ ನೀರು ಕುಡಿಯಲಿಲ್ಲ, ಅತ್ತೆಯೊಂದಿಗೆ ಮಾತು ಬಿಟ್ಟರು. ಆಮೇಲೆ ಒಂದು ದಿನ ನೋಡಿದರೆ ಬೇವಿನ ಗಿಡದ ಆ ಕಡೆಗೆ, ಹೊಳೆಯ ದಾರಿಗೆ ಬೆನ್ನು ಮಾಡಿ ಕೂತಿದ್ದರು. ಅಲ್ಲಿಂದ ಮುಂದೆ ಅಲ್ಲೇ ಕೂತರು. ನಾವು ಸರಿ ಎಂದು ಸಾಯುವ ತನಕ ಹೇಳಲಿಲ್ಲ. ಊರಿನವರು ಮಲ್ಲಪ್ಪನ ಮನೆಯ ಮರ್ಯಾದೆ ಹೋಯಿತು ಎಂದರು. ಹೋದರೆ ಹೋಗಲಿ, ಅದನ್ನು ಹಿಡಿದಿಟ್ಟುಕೊಂಡದ್ದು ನಮ್ಮ ಹಲ್ಲುಗಳು ತಾನೆ.

ನನ್ನ ಬಾಯಿ ಮೆಲ್ಲಗೆ ತೆರೆಯಿತು. ಉಪ್ಪಿನ ಗಂಟಿನ ಶಾಖ, ಹುಸೇನಬಿಯ ಗಿಂಡಿ, ಮೆತ್ತಗಿನ ಅನ್ನ. ಹಲ್ಲು ಬಿಗಿದಿದ್ದೇನೆಯೇ ಎಂದು ಬೀಸುವಾಗಲೂ ನೋಡಿಕೊಳ್ಳುತ್ತಿದ್ದೆ. ಎಷ್ಟೋ ಸಲ ಬಿಗಿದೇ ಇರುತ್ತಿದ್ದೆ, ಬಿಡುತ್ತಿದ್ದೆ. ಮುಂದಿನ ಸುಗ್ಗಿಯ ಹೊತ್ತಿಗೆ ಮೂರು ಬೆರಳು ಹೋದವು. ಹೊಲದಲ್ಲಿ ಕೂತು, ಸುಟ್ಟ ಬಿಸಿ ಸೀತನಿಯನ್ನು ಹಿಡಿ ತುಂಬ ಬಾಯಿಗೆ ಹಾಕಿಕೊಂಡು ಎಡಗಡೆ ಅಗಿದೆ. ಬಲಗಡೆ ಇವತ್ತಿಗೂ ಬರಿದು. ಮೋಡವಾದರೆ ಈಗಲೂ ಕಿವಿಯ ಮುಂದೆ ನೋಯುತ್ತದೆ. ಅತ್ತೆಯ ಕೆನ್ನೆಗೂ ದಿನಾ ಶಾಖ ಕೊಟ್ಟೆ. ನೋವು ಸ್ವಲ್ಪ ಇಳಿಯಿತು, ಬಾಯಿ ತೆರೆಯಲಿಲ್ಲ. ಬಹಳ ತಡವಾಗಿತ್ತು.

ರಜಾಕಾರರ ಗದ್ದಲ ಮುಗಿದ ಮೇಲೆ ಒಂದು ಬೇಸಿಗೆಯಲ್ಲಿ ಅತ್ತೆಗೆ ಜ್ವರ ಬಂದು ಹಾಸಿಗೆ ಹಿಡಿದಳು. ಆಳಂದದಿಂದ ಆಕೆಯ ತವರಿನವರೆಲ್ಲ ಬಂದರು. ಕೊನೆಯ ಹೊತ್ತಿನಲ್ಲಿ ಬಾಯಿಗೆ ನೀರು ಬಿಡಬೇಕೆಂದು ಒಬ್ಬೊಬ್ಬರೇ ಚಮಚ ಹಿಡಿದರು. ನೀರು ಹಲ್ಲಿನ ಮೇಲೆ ಹರಿದು ದಿಂಬಿಗೆ ಇಳಿಯಿತು. ಹುಸೇನಬಿ ಆ ಹಳೆಯ ಗಿಂಡಿ ತಂದಳು. ನಾನು ಅದರ ಮೂತಿಯನ್ನು ಕೆನ್ನೆಯ ಸಂದಿಗಿಟ್ಟು ಎರಡು ಗುಟುಕು ಇಳಿಸಿದೆ. ಆಮೇಲೆ ಉಸಿರು ನಿಂತಿತು.

ಯಾರೋ ಆಕೆಯ ತಲೆಯ ಮೇಲೆ ಸೆರಗು ಹೊದಿಸಿ, ಅಂಚನ್ನು ಬಾಯಿಯ ತನಕ ಎಳೆದರು. ಆಳಂದದ ಆಕೆಯ ಅಣ್ಣನ ಹೆಂಡತಿ ಕಣ್ಣೊರೆಸಿಕೊಂಡು ಎಲ್ಲರಿಗೂ ಹೇಳಿದಳು. "ಎಂಥ ಮರ್ಯಾದಿ ಹೆಣ್ಮಗಳು ನೋಡ್ರಿ. ಸಾಯೂ ಹೊತ್ತಿನ್ಯಾಗೂ ಬಾಯಿ ತೆಗೀಲಿಲ್ಲ." ಕೂತ ಹೆಂಗಸರೆಲ್ಲ ತಲೆದೂಗಿದರು. ಅವರಲ್ಲಿ ಎಷ್ಟೋ ಜನರ ಹಲ್ಲಲ್ಲಿ ಸೆರಗಿತ್ತು.

ನಾನು ಆ ಅಂಚನ್ನು ಆಕೆಯ ಬಾಯಿಂದ ಸರಿಸಿ ಕೆಳಗೆ ಮಡಚಿದೆ.

"ತೆಗೀಲಿಲ್ಲ ಅನ್ಬ್ಯಾಡ್ರಿ!" ಎಂದೆ. ಬೀದಿಗೆ ಕೇಳುವಷ್ಟು ಜೋರಾಗಿ, ಮೂರು ಬೆರಳು ಹೋಗುವಷ್ಟು ಬಾಯಿ ತೆರೆದು. "ತೆಗ್ಯಾಕ ಬರ್ತಿರಲಿಲ್ಲ ಆಕೀಗೆ! ನೀವೇ ಮುರಿದ್ರಿ, ನೀವೇ ಹೊಗಳಾಕತ್ತೀರಿ! ಹೊತ್ತು ಹೊತ್ತಿಗೆ ರೊಟ್ಟಿ ಬಡಿದು ಹಾಕಿದಾಕಿ ಒಂದು ತುಣುಕು ಗಟ್ಟಿ ರೊಟ್ಟಿ ತಿನ್ನಲಾರದಂಗ ಸತ್ಲು!"

ಪಡಸಾಲೆಯಿಂದ ಮಾವ, "ಗುರುಬಾಯಿ, ಬಾಯಿ ಮುಚ್ಚು" ಎಂದರು.

ನಾನು ಮುಚ್ಚಲಿಲ್ಲ.